ಕಳೆದುಕೊಂಡವರ ಮನೆಗೆ ಮರಳಿದ ನಗು

ಮನೆಯಲ್ಲಿ ಸಾವು ಸಂಭವಿಸಿದಾಗ ಶಾಸ್ತ್ರವೂ ರೂಢಿಯೂ ಸೇರಿ ದುಃಖಕ್ಕೆ ಒಂದು ಕಾಲಮಿತಿಯನ್ನು ಹಾಕಿಕೊಡುತ್ತವೆ. ಸಾವಿನ ಮನೆಯವರು ದೇವರ ಪೂಜೆ, ಹಬ್ಬ-ಹರಿದಿನ, ಹೋಗಿಬರುವ ವ್ಯವಹಾರ ಎಲ್ಲದರಿಂದ ದೂರವಿರುವ ಹತ್ತು ದಿನಗಳ ಸೂತಕ ಕಳೆದು, ಹನ್ನೊಂದು ಮತ್ತು ಹನ್ನೆರಡನೆಯ ದಿನಗಳ ಕರ್ಮಗಳು ಮುಗಿದ ಮೇಲೆ, ಹದಿಮೂರನೆಯ ದಿನ ಬಂಧುಬಳಗ ಸೇರಿ ಸಿಹಿಯೂಟ ಮಾಡುತ್ತದೆ. ಕನ್ನಡದ ಬ್ರಾಹ್ಮಣ ಮನೆಗಳಲ್ಲಿ ಇದನ್ನು ವೈಕುಂಠ ಸಮಾರಾಧನೆ ಎಂದರೆ, ಚೆನ್ನೈನ ತಮಿಳು ಬ್ರಾಹ್ಮಣರ ಮನೆಗಳಲ್ಲಿ ಶುಭಸ್ವೀಕಾರ ಎನ್ನುತ್ತಾರೆ. ಬೇರೆ ಸಮುದಾಯಗಳಲ್ಲಿ ದಿನಗಳ ಲೆಕ್ಕ ಬೇರೆಯಾದರೂ ಉದ್ದೇಶ ಒಂದೇ: ಹೋದವರನ್ನು ಗೌರವದಿಂದ ಕಳಿಸಿಕೊಟ್ಟು, ಉಳಿದವರನ್ನು ಮತ್ತೆ ಬದುಕಿನೊಳಕ್ಕೆ ಕರೆದುಕೊಳ್ಳುವುದು. ಆದರೆ ಸುಮಾರು ನೂರು ವರ್ಷಗಳ ಹಿಂದಿನವರೆಗೂ ಮೇಲ್ಜಾತಿಯ ಬಹುತೇಕ ಮನೆಗಳಲ್ಲಿ, ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಮಾತ್ರ ಈ ಹದಿಮೂರನೆಯ ದಿನ ಬರುತ್ತಲೇ ಇರಲಿಲ್ಲ. ಉಳಿದವರು ಹೋಳಿಗೆ ಉಂಡು ಕೈತೊಳೆದು ತಮ್ಮ ತಮ್ಮ ಕೆಲಸಕ್ಕೆ ಮರಳುವಾಗ ಅವಳು ಮನೆಯ ಹಿಂಭಾಗದ ಕತ್ತಲೆಗೆ ಸರಿಯಬೇಕಾಗಿತ್ತು. ಅಗಲಿಕೆಯ ನಂತರ ಕುಟುಂಬದಲ್ಲಿ ಮತ್ತು ಶ್ರದ್ಧೆಯಲ್ಲಿ ಸಂತೋಷವನ್ನು ಮರಳಿ ಪಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಮದರಾಸಿನ ಒಬ್ಬ ಹೆಣ್ಣುಮಗಳು ತನ್ನ ಇಡೀ ಜೀವನದಿಂದ ಉತ್ತರಿಸಿದ್ದು ಈ ಹಿನ್ನೆಲೆಯಲ್ಲಿ. ಆಕೆ ಸಿಸ್ಟರ್ ಸುಬ್ಬಲಕ್ಷ್ಮಿ ಎಂದೇ ಪ್ರಸಿದ್ಧರಾದ ಆರ್. ಎಸ್. ಸುಬ್ಬಲಕ್ಷ್ಮಿ.

1886ರ ಆಗಸ್ಟ್ 18ರಂದು ಮೈಲಾಪುರದಲ್ಲಿ, ಲೋಕೋಪಯೋಗಿ ಇಲಾಖೆಯ ಉದ್ಯೋಗಿಯಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಮತ್ತು ವಿಶಾಲಾಕ್ಷಿ ದಂಪತಿಗಳ ಹಿರಿಯ ಮಗಳಾಗಿ ಹುಟ್ಟಿದ ಸುಬ್ಬಲಕ್ಷ್ಮಿ, ಒಂಬತ್ತನೆಯ ವಯಸ್ಸಿನಲ್ಲಿ ನಾಲ್ಕನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿ ಚೆಂಗಲ್ಪಟ್ಟು ಜಿಲ್ಲೆಗೇ ಮೊದಲಿಗಳಾಗಿ ತೇರ್ಗಡೆಯಾದ ಹುಡುಗಿ. ಅಂದಿನ ಪದ್ಧತಿಯಂತೆ ಹನ್ನೊಂದನೆಯ ವಯಸ್ಸಿಗೆ ಮದುವೆಯಾಯಿತು. ಗಂಡನ ಮನೆಗೆ ಹೋಗಿ ಸಂಸಾರ ಹೂಡುವ ವಯಸ್ಸು ಬರುವ ಮೊದಲೇ ಗಂಡ ತೀರಿಕೊಂಡ. ಸರಿಯಾಗಿ ಮುಖಪರಿಚಯವೂ ಇಲ್ಲದ ಹುಡುಗನ ಸಾವಿಗೆ ಆ ವಯಸ್ಸಿನ ಮಗು ಎಷ್ಟು ದುಃಖಪಡಲು ಸಾಧ್ಯ ಎಂದು ಇಂದಿನವರಿಗೆ ಅನ್ನಿಸಬಹುದು. ಬಾಲವಿಧವೆಯ ಪಾಲಿಗೆ ಬಂದ ನಷ್ಟ ಒಬ್ಬ ವ್ಯಕ್ತಿಯದಲ್ಲ, ಮುಂದಿನ ಸಮಸ್ತ ಬದುಕಿನದು ಎಂಬುದನ್ನು ಮರೆತರೆ ಮಾತ್ರ ಹಾಗೆ ಅನ್ನಿಸಲು ಸಾಧ್ಯ. ಹೂವು, ಕುಂಕುಮ, ಬಳೆ, ಬಣ್ಣದ ಸೀರೆ, ಮದುವೆ-ಮುಂಜಿಗಳ ಸಂಭ್ರಮ, ರಾತ್ರಿಯ ಊಟ ಎಲ್ಲವೂ ಒಂದೇ ದಿನ ಕೈತಪ್ಪುತ್ತಿದ್ದವು. ವಯಸ್ಸಿಗೆ ಬಂದ ಮೇಲೆ ತಲೆ ಬೋಳಿಸುವುದು ಕಡ್ಡಾಯವಾಗಿತ್ತು. ಇವೆಲ್ಲಕ್ಕೂ ಕಲಶವಿಟ್ಟಂತೆ, ಆ ಸಾವಿಗೆ ಅವಳ ಕಾಲ್ಗುಣವೇ ಕಾರಣ ಎಂಬ ಮಾತನ್ನು ಕೇಳಿಕೊಂಡೇ ಅವಳು ಬೆಳೆಯಬೇಕಾಗಿತ್ತು.

ಸುಬ್ಬಲಕ್ಷ್ಮಿಯವರ ತಂದೆತಾಯಿಗಳು ಈ ಹಂತದಲ್ಲಿ ಕೈಗೊಂಡ ನಿರ್ಧಾರವೇ ಅವರ ಮುಂದಿನ ಕಥೆಯ ಬೇರು. ಮಗಳನ್ನು ವಿರೂಪಗೊಳಿಸುವ ವಿಧಿಗಳಿಗೆ ಅವರು ಒಪ್ಪಲಿಲ್ಲ. ನೆಂಟರಿಷ್ಟರ ನಿಂದೆಗೆ ಕಿವಿಗೊಡದೆ ಅವಳ ಕೈಗೆ ಮತ್ತೆ ಪುಸ್ತಕ ಕೊಟ್ಟರು. ತಂದೆ ಮನೆಯಲ್ಲೇ ಪಾಠ ಹೇಳಿದರು. ಮುಂದೆ ಆಕೆ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತರು. ಮದುವೆ-ಮಕ್ಕಳ ಹಂಗಿಲ್ಲದೆ, ಪರರ ಮಕ್ಕಳ ಏಳಿಗೆಗಾಗಿ ದುಡಿಯುತ್ತ ನಗುನಗುತ್ತ ಬದುಕುವ ಹೆಂಗಸರನ್ನು ಆ ಹುಡುಗಿ ಹತ್ತಿರದಿಂದ ಕಂಡದ್ದು ಅಲ್ಲಿ. ತನ್ನ ಧರ್ಮವನ್ನು ಬಿಡದೆಯೇ ಅಂಥ ಬದುಕನ್ನು ಕಟ್ಟಿಕೊಳ್ಳಬಹುದು ಎಂಬ ವಿಶ್ವಾಸ ಮೂಡಿದ್ದು ಮಾತ್ರ ಮನೆಯಿಂದ. ಆ ಮನೆಯಲ್ಲಿ ಇನ್ನೊಬ್ಬ ವಿಧವೆ ಇದ್ದರು: ತಾಯಿಯ ತಂಗಿ ವಾಲಾಂಬಾಳ್. ಮಕ್ಕಳಿಲ್ಲದ ಈ ಚಿಕ್ಕಮ್ಮನನ್ನು ಎಲ್ಲರೂ ತಮಿಳಿನ ರೂಢಿಯಂತೆ ಚಿತ್ತಿ ಎಂದೇ ಕರೆಯುತ್ತಿದ್ದರು. ಅಕ್ಕನ ಮನೆಯ ಅಡುಗೆಮನೆಯ ಮೂಲೆಯಲ್ಲಿ ಅನ್ನದ ಋಣಕ್ಕೆ ಬಿದ್ದಿರಬೇಕಾಗಿದ್ದ ಆಕೆ, ಅಕ್ಕನ ಮಗಳ ಜೊತೆ ಸೇರಿ, ಮುಂದೆ ನೂರಾರು ಹುಡುಗಿಯರಿಗೆ ಚಿತ್ತಿಯಾದರು. ಇತಿಹಾಸದ ಪುಸ್ತಕಗಳಲ್ಲಿ ಆಕೆಗೆ ಸಿಕ್ಕಿರುವ ಜಾಗ ಬಹಳ ಸಣ್ಣದು, ಅದು ನ್ಯಾಯವಲ್ಲ.

1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪ್ರಥಮ ದರ್ಜೆಯಲ್ಲಿ ಪದವಿ ಪಡೆದು, ಮದರಾಸು ಪ್ರಾಂತ್ಯದ ಮೊದಲ ಹಿಂದೂ ಮಹಿಳಾ ಪದವೀಧರೆ ಎಂದು ಹೆಸರಾದ ಸುಬ್ಬಲಕ್ಷ್ಮಿ, 1912ರಲ್ಲಿ ಶಾರದಾ ಮಹಿಳಾ ಸಂಘವನ್ನು ಸ್ಥಾಪಿಸಿದರು. ಅದೇ ಅವಧಿಯಲ್ಲಿ ಎಗ್ಮೋರಿನ ಮನೆಯಲ್ಲಿ ಬೆರಳೆಣಿಕೆಯ ಬಾಲವಿಧವೆಯರನ್ನು ಇಟ್ಟುಕೊಂಡು ಓದಿಸುವ ಕೆಲಸವೂ ಆರಂಭವಾಯಿತು. ಅಂದಿನ ಬಾಲಿಕಾ ಶಾಲೆಗಳ ತನಿಖಾಧಿಕಾರಿಯಾಗಿದ್ದ ಕ್ರಿಸ್ಟಿನಾ ಲಿಂಚ್ ಅವರ ಬೆಂಬಲದಿಂದ ಸರ್ಕಾರದ ಸಹಾಯ ದೊರೆಯಿತಾದರೂ, ಇದು ಸರ್ಕಾರಿ ಅನಾಥಾಲಯವಾಗದೆ ಮನೆಯಾಗಿ ಉಳಿದದ್ದು ಚಿತ್ತಿಯವರಿಂದ. ಹಾಸ್ಟೆಲಿನಲ್ಲಿ ಹುಡುಗಿಗೆ ಊಟ ಸಿಗುತ್ತದೆ. ಮನೆಯಲ್ಲಾದರೆ ಊಟ ಬಿಟ್ಟರೆ ಯಾಕೆಂದು ಕೇಳುವವರಿರುತ್ತಾರೆ. ಹುಟ್ಟಿದ ಮನೆಗೂ ಸೇರಿದ ಮನೆಗೂ ಭಾರವೆನಿಸಿದ್ದ ಮಕ್ಕಳಿಗೆ ಈ ಎರಡನೆಯದು ಸಿಕ್ಕಿತು.

ಹುಡುಗಿಯರ ಸಂಖ್ಯೆ ಹೆಚ್ಚಿದಂತೆ ಈ ಮನೆ ಟ್ರಿಪ್ಲಿಕೇನಿನ ಸಮುದ್ರದಂಡೆಯ ಐಸ್ ಹೌಸ್ ಕಟ್ಟಡಕ್ಕೆ ಬಂದದ್ದು ಇಡೀ ಚರಿತ್ರೆಯ ಅತ್ಯಂತ ಅರ್ಥಪೂರ್ಣ ಘಟ್ಟ. ದುಂಡನೆಯ ಮುಂಭಾಗವುಳ್ಳ ಈ ಕಟ್ಟಡವನ್ನು 1840ರ ದಶಕದಲ್ಲಿ ಅಮೆರಿಕದ ಫ್ರೆಡೆರಿಕ್ ಟ್ಯೂಡರನ ಕಂಪನಿ ಹಡಗಿನಲ್ಲಿ ತರುತ್ತಿದ್ದ ಮಂಜುಗಡ್ಡೆಯನ್ನು ದಾಸ್ತಾನಿಡಲು ಕಟ್ಟಿಸಿತ್ತು. ವ್ಯಾಪಾರ ನಿಂತ ಮೇಲೆ ಅದನ್ನು ಕೊಂಡ ವಕೀಲ ಬಿಳಿಗಿರಿ ಅಯ್ಯಂಗಾರರ ಅತಿಥಿಯಾಗಿ, ಪಾಶ್ಚಾತ್ಯ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಒಂಬತ್ತು ದಿನ ಅಲ್ಲಿ ತಂಗಿದ್ದರು. ಅದೇ ವರ್ಷ ಮದರಾಸಿಗೆ ಬಂದ ಸ್ವಾಮಿ ರಾಮಕೃಷ್ಣಾನಂದರು ದಕ್ಷಿಣ ಭಾರತದ ಮೊದಲ ರಾಮಕೃಷ್ಣ ಮಠವನ್ನು ಆ ಕಟ್ಟಡದಲ್ಲೇ ನಡೆಸಿ, ಮುಂದೆ ಅದನ್ನು ಮೈಲಾಪುರಕ್ಕೆ ಸ್ಥಳಾಂತರಿಸಿದರು. ಈಗ ವಿವೇಕಾನಂದರ್ ಇಲ್ಲಂ ಎಂಬ ಹೆಸರಿನಿಂದ ಕರೆಯಲಾಗುವ ಈ ಕಟ್ಟಡದ ಎದುರಿಗೆ ರಸ್ತೆ ದಾಟಿದರೆ ಮರೀನಾದ ಮರಳು. ಅದೇ ದಂಡೆಯ ಮೇಲೆ, ನಡೆದು ಹೋಗುವಷ್ಟು ದೂರದಲ್ಲಿ, 1914ರಲ್ಲಿ ಆರಂಭವಾದ ಕ್ವೀನ್ ಮೇರೀಸ್ ಕಾಲೇಜು. ಬೆಳಗಿನ ಹೊತ್ತು ಎದುರಿಗೆ ಬರಬಾರದು, ಬಂದರೆ ಅಪಶಕುನ ಎಂದು ಯಾರನ್ನು ಕಂಡು ಜನ ಮುಖ ತಿರುಗಿಸುತ್ತಿದ್ದರೋ ಆ ಹುಡುಗಿಯರು ಊರಿನ ಅತ್ಯಂತ ಬಯಲಾದ, ಅತ್ಯಂತ ಬೆಳಕಿನ ಜಾಗಕ್ಕೆ ಬಂದು ನೆಲೆಸಿದ್ದರು.

ಸುಬ್ಬಲಕ್ಷ್ಮಿಯವರ ಶ್ರದ್ಧೆಯ ಸ್ವರೂಪವನ್ನು ಅರಿಯಲು ರಾಮಕೃಷ್ಣ ಪರಮಹಂಸರ ಪತ್ನಿ ಶ್ರೀ ಶಾರದಾದೇವಿಯವರ ಜೀವನವನ್ನು ನೆನೆಯುವುದು ಸಹಾಯಕ. ಸುಬ್ಬಲಕ್ಷ್ಮಿ ಹುಟ್ಟುವುದಕ್ಕೆ ಎರಡು ದಿನ ಮೊದಲು, 1886ರ ಆಗಸ್ಟ್ 16ರಂದು, ರಾಮಕೃಷ್ಣ ಪರಮಹಂಸರು ದೇಹತ್ಯಾಗ ಮಾಡಿದರು. ವಿಧವೆಯರ ಪದ್ಧತಿಯಂತೆ ಕೈಬಳೆಗಳನ್ನು ತೆಗೆಯಹೊರಟ ಶಾರದಾದೇವಿಯವರಿಗೆ, ತಾವು ಎಲ್ಲಿಗೂ ಹೋಗಿಲ್ಲ ಎಂದು ಪತಿಯೇ ಕಾಣಿಸಿಕೊಂಡು ತಡೆದಂತೆ ಅನುಭವವಾಯಿತೆಂದೂ, ಅಂದಿನಿಂದ ಅವರು ಬಳೆಗಳನ್ನೂ ಸಣ್ಣ ಅಂಚಿನ ಸೀರೆಯನ್ನೂ ಉಳಿಸಿಕೊಂಡರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಆದರೂ ಅವರ ದುಃಖ ಒಮ್ಮೆಗೇ ಇಳಿಯಲಿಲ್ಲ. ಬೃಂದಾವನದ ತೀರ್ಥವಾಸ, ಅದರ ನಂತರ ಕಾಮಾರಪುಕುರದಲ್ಲಿ ಒಂಟಿತನದ ಬಡತನ, ಎಲ್ಲವನ್ನೂ ಹಾದು ಅವರ ಮನಸ್ಸು ಲೋಕದ ಕಡೆಗೆ ತಿರುಗಿದ್ದು ತೀರಿಕೊಂಡ ತಮ್ಮನ ಮಗುವಾದ ರಾಧುವನ್ನು ಸಾಕುವ ಹೊಣೆ ಹೆಗಲಿಗೆ ಬಂದ ಮೇಲೆ. ಆ ಮಗುವಿನ ತಾಯಿಗೆ ಮಾನಸಿಕ ಅಸ್ವಸ್ಥತೆ ಇತ್ತು. ಮಗುವೂ ಮುಂದೆ ಹಠಮಾರಿಯಾಗಿ ಬೆಳೆಯಿತು. ಸುಖದ ಸಂಸಾರವೇನೂ ಅಲ್ಲ. ಹಾಗಿದ್ದರೂ ಜಪ ಮತ್ತು ಮಗು, ಇವೆರಡೂ ಸೇರಿಯೇ ಅವರನ್ನು ಹಿಡಿದು ನಿಲ್ಲಿಸಿದವು. 1911ರಲ್ಲಿ, ಸುಬ್ಬಲಕ್ಷ್ಮಿ ಪದವಿ ಪಡೆದ ವರ್ಷವೇ, ಶಾರದಾದೇವಿಯವರು ಮದರಾಸಿಗೆ ಬಂದು ಮೈಲಾಪುರದಲ್ಲಿ ತಂಗಿ, ರಾಮೇಶ್ವರಕ್ಕೂ ಬೆಂಗಳೂರಿನ ಬಸವನಗುಡಿಯ ಆಶ್ರಮಕ್ಕೂ ಹೋಗಿಬಂದರು.

ಒಂದೇ ಶ್ರದ್ಧೆ ಕಟ್ಟಿಹಾಕಲೂ ಬಲ್ಲದು, ಬಿಡಿಸಲೂ ಬಲ್ಲದು ಎಂಬುದಕ್ಕೆ ಐಸ್ ಹೌಸಿನ ದಿನಚರಿಯಲ್ಲೇ ಸಾಕ್ಷ್ಯವಿದೆ. ಮಡಿ, ಉಪವಾಸ, ಪೂಜೆ ಮುಂತಾದ ಆಚಾರಗಳನ್ನು ಸುಬ್ಬಲಕ್ಷ್ಮಿ ಅಲ್ಲಿ ಬಿಡಿಸಲಿಲ್ಲ. ಬಿಡಿಸಿದ್ದರೆ ಯಾವ ಸಂಪ್ರದಾಯಸ್ಥ ತಂದೆಯೂ ಮಗಳನ್ನು ಕಳಿಸುತ್ತಿರಲಿಲ್ಲ. ಆಚಾರವನ್ನು ಉಳಿಸಿಕೊಂಡು, ಅದರೊಳಗಿದ್ದ ಶಿಕ್ಷೆಯ ಭಾವನೆಯನ್ನು ಮಾತ್ರ ಅವರು ಕಿತ್ತುಹಾಕಿದರು. ವಿಧವಾ ಪುನರ್ವಿವಾಹಕ್ಕೆ 1856ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿದ್ದರೂ ಅವರು ಒತ್ತು ಕೊಟ್ಟದ್ದು ಓದಿಗೆ ಮತ್ತು ಉಪಾಧ್ಯಾಯ ವೃತ್ತಿಗೆ. ಈ ಎಚ್ಚರಿಕೆಗೆ ಒಂದು ಬೆಲೆಯೂ ಇತ್ತು. ಆ ಮನೆಯ ಬಾಗಿಲು ಬ್ರಾಹ್ಮಣ ವಿಧವೆಯರಿಗೆ ಮಾತ್ರ ತೆರೆದಿತ್ತು. ಎಲ್ಲ ಜಾತಿಯ ಹೆಣ್ಣುಮಕ್ಕಳಿಗೂ ತೆರೆದ ಬಾಗಿಲಿಗಾಗಿ ಮದರಾಸು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಅವ್ವೈ ಇಲ್ಲಂ ಸ್ಥಾಪನೆಯಾಗುವವರೆಗೆ ಕಾಯಬೇಕಾಯಿತು. ಸಂತಾಪಕ್ಕೂ ಜಾತಿಯ ಗಡಿ ಹಾಕಿದ್ದ ಕಾಲವದು ಎಂಬುದನ್ನು ಮುಚ್ಚಿಡುವುದರಿಂದ ಸುಬ್ಬಲಕ್ಷ್ಮಿಯವರ ಗೌರವ ಹೆಚ್ಚುವುದಿಲ್ಲ, ಹೇಳುವುದರಿಂದ ಕುಗ್ಗುವುದೂ ಇಲ್ಲ. 1922ರಲ್ಲಿ ಲೇಡಿ ವಿಲಿಂಗ್ಡನ್ ಶಿಕ್ಷಕಿಯರ ತರಬೇತಿ ಕಾಲೇಜಿನ ಮೊದಲ ಪ್ರಾಂಶುಪಾಲೆಯಾದ ಅವರು, ಮದುವೆಯ ಕನಿಷ್ಠ ವಯಸ್ಸಿನ ಬಗ್ಗೆ ವಿಚಾರಣೆ ನಡೆಸಿದ ಜೋಶಿ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಹೆಣ್ಣಿಗೆ 14, ಗಂಡಿಗೆ 18 ವರ್ಷ ಎಂದು ನಿಗದಿ ಮಾಡಿದ ಬಾಲ್ಯವಿವಾಹ ತಡೆ ಕಾಯಿದೆ 1930ರಲ್ಲಿ ಜಾರಿಗೆ ಬಂತು.

ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಇಲ್ಲಿ ಇನ್ನೊಂದು ಕಾರಣಕ್ಕೂ ಬರಬೇಕು. ಅವರೂ 1886ರಲ್ಲೇ ಹುಟ್ಟಿದವರು. ಕ್ಯಾನ್ಸರಿನಿಂದ ನರಳಿ ತೀರಿಕೊಂಡ ತಂಗಿಯ ಸಂಕಟವನ್ನು ವೈದ್ಯೆಯಾಗಿದ್ದೂ ಕೈಚೆಲ್ಲಿ ನೋಡಬೇಕಾಗಿ ಬಂದ ನೋವು ಅವರನ್ನು ಮೂರು ದಶಕಗಳ ಕಾಲ ಬಿಡದೆ ದುಡಿಸಿ, 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆಯಾಗಿ ಮೂಡಿತು.

ಕನ್ನಡದ ಓದುಗರಿಗೆ ಈ ಚಿತ್ರ ಅಪರಿಚಿತವಲ್ಲ. ಸುಬ್ಬಲಕ್ಷ್ಮಿಯವರಿಗಿಂತ ಒಂದೇ ವರ್ಷ ಕಿರಿಯರಾದ ನಂಜನಗೂಡು ತಿರುಮಲಾಂಬ ಅವರಿಗೆ ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅವರಿಗೂ ಆಸರೆಯಾದವರು ಓದಿಗೆ ಪ್ರೋತ್ಸಾಹ ಕೊಟ್ಟ ತಂದೆ ವೆಂಕಟಕೃಷ್ಣ ಅಯ್ಯಂಗಾರರು. ಅವರಿಗೂ ಬಲ ಕೊಟ್ಟದ್ದು ದೃಢವಾದ ದೈವಭಕ್ತಿ. 1913ರಲ್ಲಿ ‘ಸುಶೀಲೆ’ ಕಾದಂಬರಿಯನ್ನು ಬರೆದು, ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿಯಾಗಿ ಅವರು ಹೊಸಗನ್ನಡದ ಮೊದಲ ಸಾಲಿನ ಲೇಖಕಿಯಾದರು. ಅದೇ 1913ರಲ್ಲಿ ಬೆಂಗಳೂರಿನಲ್ಲಿ ಇನ್ನೊಬ್ಬ ಬಾಲವಿಧವೆ ಆರ್. ಕಲ್ಯಾಣಮ್ಮ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು. ಮುಂದೆ ಅವರ ‘ಸರಸ್ವತಿ’ ಮಾಸಪತ್ರಿಕೆ ನಾಲ್ಕು ದಶಕ ನಡೆಯಿತು. ಇವರ ಬದುಕುಗಳನ್ನು ಮದರಾಸಿನ ಬದುಕಿನ ಪಕ್ಕದಲ್ಲಿಟ್ಟು ನೋಡಿದರೆ, ದುಃಖದಿಂದ ಹೊರಬರಲು ಅವರಿಗೆ ಅಸಾಧಾರಣ ಧೈರ್ಯವಿತ್ತು ಎಂಬ ಸುಲಭದ ವಿವರಣೆ ಸಾಲದು ಎನ್ನಿಸುತ್ತದೆ. ಧೈರ್ಯ ಇನ್ನೂ ಸಾವಿರಾರು ಬಾಲವಿಧವೆಯರಲ್ಲಿ ಇದ್ದಿರಲೇಬೇಕು. ಇವರಿಗೆ ದೊರೆತು ಅವರಿಗೆ ದೊರೆಯದೆ ಹೋದದ್ದು, ನೀನು ನಗುವುದು ತಪ್ಪಲ್ಲ ಎಂದು ಹೇಳುವ ಒಬ್ಬ ತಂದೆ ಅಥವಾ ಒಬ್ಬ ಚಿಕ್ಕಮ್ಮ.

ದುಃಖದ ಬಗೆಗಿನ ಆಧುನಿಕ ಮನಶ್ಶಾಸ್ತ್ರದ ತಿಳಿವಳಿಕೆಯೂ ಇತ್ತೀಚಿನ ದಶಕಗಳಲ್ಲಿ ಇದೇ ದಿಕ್ಕಿಗೆ ಹೊರಳಿದೆ. ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಮಂಡಿಸಿದ ವಿಚಾರದ ಪ್ರಭಾವದಿಂದಾಗಿ, ಸತ್ತವರಿಂದ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿಕೊಂಡು ಬೇರೆಡೆಗೆ ತಿರುಗಿಸುವುದೇ ಆರೋಗ್ಯದ ಲಕ್ಷಣ ಎಂದು ಬಹುಕಾಲ ನಂಬಲಾಗಿತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಗ್ರಂಥವೊಂದು, ಅಗಲಿದವರ ಜೊತೆಗಿನ ಸಂಬಂಧ ಮುಗಿಯುವುದಿಲ್ಲ, ರೂಪ ಬದಲಿಸಿಕೊಂಡು ಮುಂದುವರಿಯುತ್ತದೆ, ಹಾಗೆ ಮುಂದುವರಿಯುವುದು ರೋಗವಲ್ಲ ಎಂದು ವಾದಿಸಿತು. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ದುಃಖಿತರ ಮನಸ್ಸು ಅಗಲಿಕೆಯ ನೋವು ಮತ್ತು ದಿನನಿತ್ಯದ ಬದುಕು, ಇವೆರಡರ ನಡುವೆ ಹೋಗಿಬಂದು ಮಾಡುತ್ತದೆ, ಈ ಹೋಗಿಬರುವಿಕೆಯಿಂದಲೇ ಚೇತರಿಕೆ ಸಾಧ್ಯವಾಗುತ್ತದೆ. ಬೆಳಿಗ್ಗೆ ಅತ್ತವರು ಮಧ್ಯಾಹ್ನ ಮೊಮ್ಮಗುವಿನ ಮಾತಿಗೆ ನಕ್ಕರೆ ಅದು ಹೋದವರಿಗೆ ಮಾಡಿದ ದ್ರೋಹವಲ್ಲ ಎಂಬುದು ಇದರ ಸರಳ ಅರ್ಥ.

ಈ ಹೋಗಿಬರುವಿಕೆಗೆ ಶ್ರಾದ್ಧದ ಪಂಚಾಂಗ ಶತಮಾನಗಳಿಂದ ದಾರಿ ಮಾಡಿಕೊಟ್ಟಿದೆ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮೈಲಾಪುರದ ಕಪಾಲೀಶ್ವರ ದೇವಾಲಯದ ಕಲ್ಯಾಣಿಯ ಮೆಟ್ಟಿಲುಗಳಲ್ಲೂ ಮರೀನಾದ ಮರಳಿನ ಮೇಲೂ ಸಾವಿರಾರು ಜನ ಸಾಲಾಗಿ ಕೂರುತ್ತಾರೆ. ಬೆರಳಿಗೆ ದರ್ಭೆಯ ಪವಿತ್ರ. ಎದುರಿಗೆ ಎಳ್ಳು, ಅಕ್ಕಿ, ತಂಬಿಗೆಯ ನೀರು. ಪುರೋಹಿತರು ಕೇಳಿದಂತೆ ಪ್ರತಿಯೊಬ್ಬರೂ ಗೋತ್ರವನ್ನೂ ಮೂರು ತಲೆಮಾರಿನ ಹೆಸರುಗಳನ್ನೂ ಗಟ್ಟಿಯಾಗಿ ಹೇಳಬೇಕು. ಐಟಿ ಕಂಪನಿಯ ಗುರುತಿನ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಬಂದ ಯುವಕ ಮುತ್ತಜ್ಜಿಯ ಹೆಸರು ನೆನಪಾಗದೆ ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಕೇಳುವುದುಂಟು. ಆ ಒಂದು ಕರೆಯಲ್ಲಿ ಅರ್ಧ ಮರೆತ ಸಂಬಂಧಗಳು ಮತ್ತೆ ಮಾತಿಗೆ ಬರುತ್ತವೆ. ಇನ್ನು ಮನೆಯ ವರ್ಷಾಬ್ದಿಕ, ಅಂದರೆ ತೀರಿಕೊಂಡ ತಿಥಿಯಂದು ವರ್ಷಕ್ಕೊಮ್ಮೆ ಮಾಡುವ ಶ್ರಾದ್ಧ, ಬಹುಮಟ್ಟಿಗೆ ಅಡುಗೆಮನೆಯ ಆಚರಣೆ. ಈರುಳ್ಳಿ, ಟೊಮೆಟೊ, ಕೋಸು ಮುಂತಾದವು ಅಂದು ನಿಷಿದ್ಧ. ಬಾಳೆಕಾಯಿ, ಹಾಗಲಕಾಯಿಯಂಥ ಹಳೆಯ ತರಕಾರಿಗಳು, ಮೆಣಸಿನ ಸಾರು, ಉದ್ದಿನ ವಡೆ, ಎಳ್ಳುಂಡೆ, ಪಾಯಸ ಸಿದ್ಧವಾಗಬೇಕು. ಹೊರಗಿಟ್ಟ ಅನ್ನವನ್ನು ಕಾಗೆ ಮುಟ್ಟಿದ ಮೇಲಷ್ಟೇ ಮನೆಯವರ ಊಟ. ಎಲೆಯ ಮುಂದೆ ಕೂತವರು ಹೋದವರಿಗೆ ಯಾವ ಪದಾರ್ಥ ಇಷ್ಟವಾಗಿತ್ತು, ಯಾವುದಕ್ಕೆ ಮುಖ ಸಿಂಡರಿಸುತ್ತಿದ್ದರು ಎಂದು ನೆನೆಯತೊಡಗಿದರೆ, ಊಟ ಮುಗಿಯುವ ಹೊತ್ತಿಗೆ ಪಂಕ್ತಿಯಲ್ಲಿ ನಗು ಎದ್ದಿರುತ್ತದೆ. ನವೆಂಬರ್ 2ರಂದು ಕ್ರೈಸ್ತ ಕುಟುಂಬಗಳು ಕೀಲ್ಪಾಕಿನ ಸ್ಮಶಾನದಲ್ಲಿ ಸಮಾಧಿಗಳನ್ನು ತೊಳೆದು, ಹೂವು ಮತ್ತು ಮೇಣದಬತ್ತಿ ಇಡುವುದೂ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ತೀರಿಕೊಂಡ ಸುಮಾರು 8,000 ಜನರ ನೆನಪಿಗೆ ಪ್ರತಿವರ್ಷ ಕಾಶಿಮೇಡಿನ ಮೀನುಗಾರರು ಸಮುದ್ರಕ್ಕೆ ಹಾಲೆರೆದು ಹೂವು ಬಿಡುವುದೂ ಇದೇ ಅಗತ್ಯವನ್ನು ತಮ್ಮ ತಮ್ಮ ರೀತಿಯಲ್ಲಿ ಪೂರೈಸುತ್ತವೆ. ಜೀವಗಳನ್ನು ಕೊಂಡೊಯ್ದ ಸಮುದ್ರಕ್ಕೇ ಹಾಲೆರೆದು, ಮಾರನೆಯ ದಿನ ಅದರ ಮೇಲೆಯೇ ದೋಣಿ ಇಳಿಸುವ ಶ್ರದ್ಧೆಯನ್ನು ಅಲ್ಪವೆಂದು ಎಣಿಸುವಂತಿಲ್ಲ.

ಆದರೆ ಎಲ್ಲ ದುಃಖವೂ ಪೂಜೆ ಮತ್ತು ಬಂಧುಗಳಿಂದಲೇ ಹಗುರಾಗುತ್ತದೆ ಎಂದು ಹೇಳುವುದು ಅಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ, 2022ರಿಂದ ಜಾರಿಯಲ್ಲಿರುವುದು, ದೀರ್ಘಕಾಲದ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ: ಅಗಲಿದವರಿಗಾಗಿ ತೀವ್ರವಾದ ಹಂಬಲ ಆರು ತಿಂಗಳಿಗೂ ಮೀರಿ, ಆಯಾ ಸಮುದಾಯದ ರೂಢಿಗೂ ಮೀರಿ ಮುಂದುವರಿದು, ದೈನಂದಿನ ಬದುಕನ್ನೇ ಅಸಾಧ್ಯವಾಗಿಸಿದರೆ ವೈದ್ಯರನ್ನು ಕಾಣಬೇಕು. ಪೂರ್ವಜನ್ಮದ ಕರ್ಮ, ದೇವರ ಇಚ್ಛೆ ಎಂಬ ಮಾತುಗಳು ತಾವಾಗಿಯೇ ಅವನ್ನು ನಂಬಿದವರಿಗೆ ಸಮಾಧಾನ ಕೊಡಬಹುದು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಮೂರನೆಯವರು ಅವನ್ನು ಆಡಿದಾಗ ಅವು ಗಾಯಕ್ಕೆ ಉಪ್ಪು ಸವರುತ್ತವೆ. ಚೆನ್ನೈನಲ್ಲಿ 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಸ್ಥಾಪಿಸಿದ ಸ್ನೇಹಾ ಸಂಸ್ಥೆ, ಬದುಕೇ ಬೇಡವೆನಿಸಿದವರ ಮಾತನ್ನು ತಾಳ್ಮೆಯಿಂದ ಕೇಳುವ ಸ್ವಯಂಸೇವಕರ ಕೇಂದ್ರ. ದೇಶದ ಯಾವ ಮೂಲೆಯಿಂದಲಾದರೂ 14416 ಸಂಖ್ಯೆಗೆ ಕರೆಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಇಂದಿನ ಚೆನ್ನೈನ ಫ್ಲಾಟುಗಳಲ್ಲಿ ತಲೆ ಬೋಳಿಸುವ ಪದ್ಧತಿ ಇಲ್ಲ, ಚಿತ್ತಿಯಂಥವರಿರುವ ಕೂಡುಕುಟುಂಬವೂ ಇಲ್ಲ. ಹದಿಮೂರನೆಯ ದಿನದ ಊಟ ಕ್ಯಾಟರಿಂಗಿನವರಿಂದ ಬರುತ್ತದೆ. ಹದಿನಾಲ್ಕನೆಯ ದಿನ ಮಕ್ಕಳು ವಿಮಾನ ಹತ್ತುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ. ಹೀಗೆ ಉಳಿದವರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ, ಕೆಲಸ ಮಾತ್ರ ಸಿಗುವುದಿಲ್ಲ. ಸುಬ್ಬಲಕ್ಷ್ಮಿಯವರ ಮುಪ್ಪು ಇದಕ್ಕೆ ತದ್ವಿರುದ್ಧವಾಗಿತ್ತು. 1942ರಲ್ಲಿ ಮೈಲಾಪುರದ ವಯಸ್ಕ ಹೆಂಗಸರಿಗಾಗಿ ಶ್ರೀವಿದ್ಯಾ ಕಲಾನಿಲಯಂ ಎಂಬ ಶಾಲೆ, 1954ರಲ್ಲಿ ತಾಂಬರಂ ಸಮೀಪದ ಮಾಡಂಬಾಕ್ಕಂ ಹಳ್ಳಿಯಲ್ಲಿ ತಾಯಿ-ಮಕ್ಕಳ ಕಲ್ಯಾಣ ಕೇಂದ್ರ, 1956ರಲ್ಲಿ ಮೈಲಾಪುರದ ವಿದ್ಯಾಮಂದಿರ ಶಾಲೆ, ಇವೆಲ್ಲವೂ ಐವತ್ತೈದು ದಾಟಿದ ಮೇಲಿನ ಕೆಲಸಗಳು. 1958ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 1969ರ ಡಿಸೆಂಬರ್ 20ರಂದು, ವೈಕುಂಠ ಏಕಾದಶಿಯ ದಿನ, ತೀರಿಕೊಂಡರು.

ಅವರು ಮುಟ್ಟದೆ ಬಿಟ್ಟ ಒಂದು ಮಾತು ಇನ್ನೂ ಉಳಿದಿದೆ. ಚೆನ್ನೈನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಮಗಳನ್ನು ಒಬ್ಬಳೇ ಸಾಕಿ ಓದಿಸಿದ ತಾಯಿ ಆ ಮಗಳ ಮದುವೆಯ ಧಾರೆಯ ಹೊತ್ತಿಗೆ ಹಿಂದಿನ ಸಾಲಿನ ಕುರ್ಚಿಗೆ ಸರಿಯುವುದು, ದೊಡ್ಡಪ್ಪ-ದೊಡ್ಡಮ್ಮ ಮುಂದೆ ಕೂತು ಶಾಸ್ತ್ರ ಮುಗಿಸುವುದು ಇಂದಿಗೂ ಸಾಮಾನ್ಯ. ಅರಿಶಿನ-ಕುಂಕುಮ ಹಂಚುವಾಗ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತದೆ. ಇದನ್ನು ತಡೆಯಲು ಯಾವ ಕಾಯಿದೆಯೂ ಬರಲಾರದು. ತಾಯಿಯ ಕೈ ಹಿಡಿದು ಮಂಟಪಕ್ಕೆ ಕರೆತಂದು, ಅವಳು ಇಲ್ಲಿಯೇ ನಿಲ್ಲುತ್ತಾಳೆ ಎಂದು ಪುರೋಹಿತರಿಗೆ ಹೇಳುವ ಹೆಣ್ಣುಮಕ್ಕಳು ಈಗ ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸುತ್ತಿದ್ದಾರೆ, ಅವರ ಮಾತಿಗೆ ತಲೆದೂಗಿ ಮಂತ್ರ ಮುಂದುವರಿಸುವ ಪುರೋಹಿತರೂ ಇದ್ದಾರೆ.